ಎರಡು ಪೇಪರಿನಲ್ಲೂ ಸತ್ತ ಕ್ಯಾತಪ್ಪ

18-12-1982, ಹೊಳವನಹಳ್ಳಿ

ಎಂದಿನಂತೆ ಹೋಟೆಲಿನ ಬೆಂಚು ಹತ್ತಿ ಪೇಪರ್ ಓದಿದೆ. ಎರಡು ಪೇಪರ್. ಒಂದು ಆಳುವ ಪಾರ್ಟಿಯದು, ಇನ್ನೊಂದು ಎದುರು ಪಾರ್ಟಿಯದು ಎಂದು ಊರಿನ ತೀರ್ಮಾನ. ಮೊನ್ನೆಯ ಎಲೆಕ್ಷನ್ ಹೊಡೆದಾಟವೇ ಸುದ್ದಿ. ಒಂದರಲ್ಲಿ ಕಲ್ಲು ಎಸೆದವರು ಇವರು, ಇನ್ನೊಂದರಲ್ಲಿ ಅವರು. ಎರಡನ್ನೂ ನಾಟಕದ ನನ್ನ ಪಾತ್ರ ದುರ್ಯೋಧನನ ಗಂಟಲಿನಲ್ಲಿ ಮೊಳಗಿಸಿದೆ. ನಮ್ಮ ನಾಟಕದ ಭೀಮ, ಎದುರು ಪಾರ್ಟಿಯ ಕ್ಯಾತಪ್ಪ, ತಲೆಯ ಬ್ಯಾಂಡೇಜು ಒತ್ತಿಕೊಂಡು ನಕ್ಕ.

ಮಧ್ಯಾಹ್ನ ಅವನ ನೆತ್ತಿಗೆ ಕಾಗೆ ಬಡಿಯಿತು. ಸಾವಿನ ಶಕುನ. ಸತ್ತನೆಂದು ನೆಂಟರಿಗೆ ಸುದ್ದಿ ಮುಟ್ಟಿಸಬೇಕು, ಅವರು ಅತ್ತರೆ ಕಂಟಕ ಕಳೆಯುತ್ತದೆ. ಅವನ ಹೆಂಡತಿ ಹೊನ್ನಕ್ಕ ಬಂದು ಕೈ ಮುಗಿದಳು. “ಅಯ್ನೋರೆ, ನಿಮ್ಮಂಗೆ ಅಳ್ಸೋರು ಇನ್ಯಾರವ್ರೆ?”

19-12

ತೋವಿನಕೆರೆ. ಅವನ ಅಕ್ಕ ಕರಿಯಕ್ಕನ ಬಾಗಿಲಲ್ಲಿ ಎದೆ ಬಡಿದುಕೊಂಡು ಉರುಳಿದೆ. ಆಹಾ... ಬೀದಿಗೆ ಬೀದಿಯೇ ಅತ್ತಿತು! ಆಮೇಲೆ ಅವಳಿಗೆ ನಿಜ ಹೇಳಿ ಬೆಲ್ಲ ತಿನ್ನಿಸಿದೆ. ಅಷ್ಟರಲ್ಲಿ ಗುಂಪಿನಲ್ಲಿದ್ದ ಆ ಎರಡೂ ಪೇಪರಿನ ಏಜೆಂಟರು ಸುದ್ದಿ ಹಿಡಿದು ತುಮಕೂರಿನ ಬಸ್ಸು ಹತ್ತಿಯಾಗಿತ್ತು.

21-12

ಬೆಂಚು ಹತ್ತಿ ಎರಡನ್ನೂ ಓದಿದೆ. ಒಂದು ಪೇಪರ್: ಕಲ್ಲೇಟಿಗೆ ಕ್ಯಾತಪ್ಪ ಬಲಿ. ಇನ್ನೊಂದು: ಹೃದಯಾಘಾತದಿಂದ ಸಾವು, ಕಲ್ಲೇಟು ಕಟ್ಟುಕಥೆ. ಯಾವ ಪೇಪರ್ ಯಾರಿಗೆ ತನ್ನನ್ನು ಮಾರಿಕೊಂಡಿದೆ ಎಂದು ಜನ ಕಾಲರ್ ಹಿಡಿದು ಜಗಳಾಡಿದರು. ಕ್ಯಾತಪ್ಪ ಅವರ ನಡುವೆಯೇ ಟೀ ಕುಡಿಯುತ್ತಿದ್ದ. ಅವನತ್ತ ಕೈ ಚಾಚಿ, ಇಗೋ ಬದುಕಿದ್ದಾನೆ, ಎಂದು ಗುಡುಗಿದೆ.

ಅವನದೇ ಪಾರ್ಟಿಯ ಮುಖಂಡ ಶಂಕರಲಿಂಗಪ್ಪ ತಣ್ಣಗೆ ಕೇಳಿದ, “ಅದು ಯಾವ ಪೇಪರ್‌ನಾಗೆ ಬಂದೈತೆ?”

ಯಾರೂ ನಗಲಿಲ್ಲ.

24-12

ಏಜೆಂಟರಿಬ್ಬರನ್ನೂ ಕಂಡೆ. ತಪ್ಪಾಯಿತೆಂದು ಹಾಕಿದರೆ ಎದುರಿನವರಿಗೆ ಲಾಭವಂತೆ. ಇಬ್ಬರದೂ ಅದೇ ಮಾತು. ಅದೇ ಧಾಟಿ ಕೂಡ. ಕ್ಯಾತಪ್ಪ ನನ್ನ ಪಕ್ಕದಲ್ಲೇ ನಿಂತಿದ್ದ. ಎರಡು ಕಡೆಯೂ ನನ್ನೊಬ್ಬನಿಗೇ ಕುರ್ಚಿ ಎಳೆದರು.

ಹೋಟೆಲಿನಲ್ಲಿ ಅವನಿಗೆ ಟೀ ಕೊಡುತ್ತಿಲ್ಲ. ಕೊಡಯ್ಯಾ ಎಂದರೆ, ಯಾರಿಗೆ, ಎನ್ನುತ್ತಾರೆ.

29-12, ಸಂಜೆ

ಪಾರ್ಟಿಯವರು ಇಂದು ಅವನ ತಿಥಿ ಮಾಡಿದರು. ಶಾಮಿಯಾನ, ಮೈಕು, ಹಾರ ಹಾಕಿದ ಫೋಟೋ. ಭೀಮನ ವೇಷದ್ದು. ಏನು ಧೈರ್ಯವೋ, ಅವನೂ ಹೋಗಿ ಪಂಕ್ತಿಯಲ್ಲಿ ಕೂತ. ನಾನು ಹಿಂದೆ ನಿಂತೆ. ಎಲೆ ಹಾಕುತ್ತ ಬಂದವರು ಅವನೊಬ್ಬನನ್ನು ಬಿಟ್ಟು ಮುಂದೆ ಹೋದರು. ತಡವರಿಸಲೂ ಇಲ್ಲ.

ಹೊನ್ನಕ್ಕ ಸಾರಿನ ಬಕೆಟ್ಟು ಹಿಡಿದು ಬಂದಳು. ಕೈಯಲ್ಲಿ ಬಳೆ ಇಲ್ಲ.

“ಲೇ... ನಿಂಗೂ ಕಾಣಾಕಿಲ್ವಾ?” ಎಂದ. ಭೀಮನ ದನಿಯಲ್ಲ. ಮಗುವಿನದು.

ಬಗ್ಗಿ ಅವನ ಭುಜ ಹಿಡಿದೆ. ಬೆಚ್ಚಗಿತ್ತು. ಇಲ್ಲೇ ಇದ್ದಾನೆ ನೋಡವ್ವ, ಎಂದೆ.

ಅವಳು ನನ್ನ ಕೈಯನ್ನೇ ನೋಡಿದಳು. ಕಣ್ಣಲ್ಲಿ ನನ್ನ ಮೇಲೆ ಮರುಕ.

“ಅಯ್ನೋರೆ, ಬರೀ ಗಾಳಿ ಹಿಡ್ಕಂಡು ಯಾಕಿಂಗೆ ನಿಂತಿದ್ದೀರಾ?”

ಆಗ ನನ್ನ ಅಂಗೈಯಲ್ಲಿ ಆ ಭುಜ ಇರಲಿಲ್ಲ, ಬರೀ ಗಾಳಿ.