ಮೂಡಣಕ್ಕೆ ತಿರುಗಿದ ಜೀಪು

೨೪ ಮಾರ್ಚ್ ೧೯೯೮, ಮಂಗಳವಾರ. ಸಂಜೆ ೭

ಬೆಳಿಗ್ಗೆ ೭.೧೫ಕ್ಕೆ ಗಾಲಿಯ ಕಲ್ಲು ತೆಗೆದೆ. ಎರಡನೇ ಗೇರು. ಹುಣಸೆಮರ ದಾಟುವಷ್ಟರಲ್ಲಿ ಎಂಜಿನ್ ಹಿಡಿಯಿತು. ನಿನ್ನೆ ಮೋರಿಯವರೆಗೂ ಉರುಳಿತ್ತು, ಅದನ್ನು ನೋಡಿದರೆ ಇವತ್ತು ಒಳ್ಳೆಯ ದಿನ. ಹಾಲಿನ ಕ್ಯಾನು ನಾಲ್ಕು, ಜನ ಆರು, ಮಗಳು ದುರ್ಗಾ. ಹಳಿಯಾಳ ೮.೩೦. ಕಿಲೋಮೀಟರ್ ಮುಳ್ಳು ಸತ್ತು ಮೂರು ವರ್ಷ — ಅಂದಾಜು ಹೋಗಿ ಬಂದು ನಲವತ್ತೆಂಟು.

ಅಣೆಕಟ್ಟಿನ ಕೆಲಸದಲ್ಲಿ ಡ್ರೈವರ್ ಇದ್ದಾಗ ಹನ್ನೊಂದು ವರ್ಷ ಲಾಗ್ ಬುಕ್ ಬರೆದೆ. ಕೆಲಸ ಮುಗಿಯಿತು, ಜೀಪು ಹರಾಜಿಗೆ ಬಂತು, ನಾನೇ ಹಿಡಿದೆ. ಜೀಪಿನ ಹಿಂದೆಯೇ ಬರೆಯುವ ಚಾಳಿಯೂ ಮನೆಗೆ ಬಂತು. ಈಗ ಸಹಿ ಮಾಡುವ ಸಾಹೇಬರಿಲ್ಲ. ಮನಸ್ಸಿಗೆ ಬಂದದ್ದು ಬರೆಯಬಹುದು.

ಸೆಲ್ಫ್ ಸ್ಟಾರ್ಟರ್ ಸತ್ತೂ ವರ್ಷವಾಯಿತು. ಕೀಲಿ ತಿರುಗಿಸಿದರೆ ಟಕ್ ಎನ್ನುತ್ತದೆ, ಅಷ್ಟೆ. ನನಗೆ ಊರಿನ ಇಳಿಜಾರೇ ಸೆಲ್ಫ್. ದಿನವೂ ಬಸವಣ್ಣನ ಕಟ್ಟೆಯ ಪಕ್ಕ, ದಕ್ಷಿಣಕ್ಕೆ ಮುಖ ಮಾಡಿ ನಿಲ್ಲಿಸಬೇಕು. ರಿವರ್ಸ್ ಗೇರಿಗೆ ಹಾಕಿ ಮುಂದಿನ ಗಾಲಿಗೆ ಕಲ್ಲು ಕೊಡಬೇಕು. ಇಪ್ಪತ್ಮೂರು ಮನೆಯವರಿಗೂ ಇದು ಗೊತ್ತು, ಆ ದಾರಿಯಲ್ಲಿ ಯಾರೂ ಎಮ್ಮೆ ಕಟ್ಟುವುದಿಲ್ಲ. ಅವ್ವನಿಗೆ ಮಾತ್ರ ದಕ್ಷಿಣ ಎಂದರೆ ಆಗದು.

"ಯಮನ ಕಡೆ ಮುಖಾ ಮಾಡಿ ದಿನಾ ಹೊಂಡ್ತಿ. ಹುಡುಗಿ ಪರೀಕ್ಷಾಕ್ಕರ ಮೂಡಣಕ್ಕ ತಿರುಗಸೋ ಲಾಲು."

"ಮೂಡಣಕ್ಕ ಇಳಿಜಾರಿಲ್ಲಬೇ. ಇದ್ದಿದ್ರ ತಿರುಗಸ್ತಿದ್ದೆ."

ಏಪ್ರಿಲ್ ಒಂದರಿಂದ ದುರ್ಗಾಳ ಎಸ್ಸೆಸ್ಸೆಲ್ಸಿ. ಈ ಊರಿನ ಹುಡುಗಿ ಅಲ್ಲಿಯವರೆಗೆ ಓದಿದ್ದು ಇದೇ ಮೊದಲು. ಅದಕ್ಕೆ ಈ ಜೀಪೇ ಕಾರಣ ಎಂದು ನಾನು ಎಲ್ಲರ ಮುಂದೆ ಹೇಳುತ್ತೇನೆ. ಹೇಳಿದರೆ ತಪ್ಪೇನು?

೨೮ ಮಾರ್ಚ್, ಶನಿವಾರ. ಯುಗಾದಿ

ಜೀಪಿಗೆ ಹಳ್ಳದಲ್ಲಿ ಸ್ನಾನ. ಬೇವಿನ ಟೊಂಗೆ, ಕುಂಕುಮ. ಬಾನೆಟ್ಟಿನ ತುಕ್ಕು ಇನ್ನೂ ಒಂದು ಬೊಗಸೆ ಉದುರಿತು.

ಊಟಕ್ಕೆ ಕುಳಿತಾಗ ಹೆಂಡತಿ ಗೋಪಿಬಾಯಿ ಶುರು ಮಾಡಿದಳು. ಅವಳ ತಂಗಿ ಮಾಲಾ ಹಳಿಯಾಳದಲ್ಲಿದ್ದಾಳೆ.

"ಮಾಲಾನ ಮನಿಯಿಂದ ಪರೀಕ್ಷಾ ಸಾಲಿ ಹತ್ತ ಹೆಜ್ಜಿ. ಹದಿನೈದ ದಿನಾ ಹುಡುಗಿ ಅಲ್ಲೇ ಇರಲಿ ಬಿಡ್ರಿ."

"ಮನಿ ಮುಂದ ಜೀಪ್ ನಿಂತಿರುವಾಗ ಮಂದಿ ಮನ್ಯಾಗ ಯಾಕ?"

"ಅದು ನಿಲ್ಲತೈತಿ ಅಂತನ ಹೇಳಾಕತ್ತೀನಿ."

ಅವ್ವ ನಕ್ಕಳು. ನನಗೆ ಸಿಟ್ಟು ಬಂತು. ಹತ್ತು ವರ್ಷದಲ್ಲಿ ಒಂದು ದಿನ ಈ ಜೀಪು ನನ್ನ ಮಗಳ ಶಾಲೆ ತಪ್ಪಿಸಿಲ್ಲ. ತಟ್ಟೆ ಬಿಟ್ಟು ಎದ್ದೆ. ದುರ್ಗಾಳನ್ನು ನಾನು ಕೇಳಲಿಲ್ಲ.

೩೧ ಮಾರ್ಚ್, ಮಂಗಳವಾರ

ದಾಂಡೇಲಿ. ಶಾಲೆಗೆ ರಜೆ, ದುರ್ಗಾಳನ್ನೂ ಕರೆದುಕೊಂಡು ಹೋದೆ. ಗ್ಯಾರೇಜಿನ ಯೂಸುಫಭಾಯಿ ಸೆಲ್ಫ್ ಬಿಚ್ಚಿ ಮೂಸಿ ನೋಡಿದ.

"ಒಳಗಿನ ತಂತಿ ಪೂರಾ ಸುಟ್ಟೈತಿ, ಲಾಲೂಭಾಯಿ. ಹುಬ್ಬಳ್ಳಿಗೆ ಕಳಿಸಿ ಸುತ್ತಿಸ್ಕೊಂಡ ಬರಬೇಕು. ಬಕ್ರೀದ್ ಮುಗೀಲಿ, ಹತ್ತು ತಾರೀಖಿನ ಮ್ಯಾಲೆ ಬಾ."

"ಪರೀಕ್ಷಾ ನಾಳಿಂದ ಐತೋ ಮಾರಾಯಾ."

"ಅಲ್ಲೀತನಾ ಇಳಿಜಾರು ಐತಲ್ಲ. ಅದೇನ್ ಸುಡೂದಿಲ್ಲ."

ಸೆಲ್ಫ್ ಅಲ್ಲೇ ಬಿಟ್ಟು ಬಂದೆ. ದುರ್ಗಾ ಬೆಂಚಿನ ಮೇಲೆ ಲೆಕ್ಕದ ಪುಸ್ತಕ ತೆಗೆದು ಕುಳಿತಿದ್ದಳು. ಒಂದು ತಾಸಿನಲ್ಲಿ ಒಂದು ಹಾಳೆ ತಿರುವಿದ್ದು ನಾನು ಕಾಣಲಿಲ್ಲ. ಬರುವಾಗ ಮೌಳಂಗಿಯಲ್ಲಿ ಇಳಿಜಾರು ನೋಡಿ ಜೀಪು ನಿಲ್ಲಿಸಿ, ಹೊಳೆಗೆ ಇಳಿದು ಮುಖ ತೊಳೆದೆವು.

"ಅಪ್ಪಾ, ಲೆಕ್ಕದಾಗ ಹೋದ್ರ?"

"ಹೋಗೂದಿಲ್ಲ."

ಅಷ್ಟು ಹೇಳಿ ಜೀಪು ಹತ್ತಿದೆ.

೧ ಏಪ್ರಿಲ್, ಬುಧವಾರ. ಕನ್ನಡ

ಊರಿಗೆ ಊರೇ ಕಟ್ಟೆಯ ಹತ್ತಿರ ಬಂದಿತ್ತು. ನೆರೆಮನೆಯ ನಾಗಲಿಂಗಪ್ಪ ತೆಂಗಿನಕಾಯಿ ಒಡೆದ. ಅವ್ವ ಮೊಸರು ಸಕ್ಕರೆ ಕೊಟ್ಟಳು. ಇಳಿಜಾರು ಇದ್ದರೂ ಹತ್ತು ಮಂದಿ ಹಿಂದಿನಿಂದ ನೂಕಿದರು. "ಪಾಸಾಗೇ ಬರಬೇಕ ನೋಡ ತಂಗಿ, ನಮ್ಮ ಊರ ಮರ್ಯಾದಿ" ಎಂದರು. ಹರಾಜಿನ ದಿನ ಈ ಜೀಪನ್ನು ಗುಜರಿ ಎಂದು ನಕ್ಕವರು ಇವತ್ತು ಇದ್ದಿದ್ದರೆ ನೋಡಬೇಕಿತ್ತು.

ಡಾಂಬರು ರಸ್ತೆ ಸೇರುವ ಮೊದಲು ದುರ್ಗಾ ನಿಲ್ಲಿಸಲು ಹೇಳಿ ವಾಂತಿ ಮಾಡಿದಳು. ಡೀಸೆಲ್ ವಾಸನೆಗೆ ಇರಬೇಕು. ಹತ್ತು ವರ್ಷದಲ್ಲಿ ಎಂದೂ ಆಗಿರಲಿಲ್ಲ...

೩ ಏಪ್ರಿಲ್, ಶುಕ್ರವಾರ. ಇಂಗ್ಲಿಷ್

ಹುಣಸೆಮರದಲ್ಲೇ ಹಿಡಿಯಿತು. ಮತ್ತೆ ವಾಂತಿ.

೫ ಏಪ್ರಿಲ್, ಭಾನುವಾರ. ಸಂಜೆ ೫.೩೦

ಮದುವೆ ಮಾತಿನ ಮಂದಿಯನ್ನು ಕೂರಿಸಿಕೊಂಡು ಮುಂಡಗೋಡಕ್ಕೆ ಹೋಗಿ ಬಂದೆ. ಸೊಂಟ ಹಿಡಿದಿದೆ. ಜೀಪು ಜಾಗದಲ್ಲಿ ನಿಲ್ಲಿಸಿದೆ, ದಕ್ಷಿಣಕ್ಕೆ. ರಿವರ್ಸ್ ಗೇರು, ಕಲ್ಲು. ನಾಳೆ ಲೆಕ್ಕ. ಹತ್ತು ಗಂಟೆಗೆ ಪರೀಕ್ಷೆ, ಏಳಕ್ಕೇ ಹೊರಡಬೇಕು. ಈಗಲೇ ಮಲಗುತ್ತೇನೆ.

೬ ಏಪ್ರಿಲ್, ಸೋಮವಾರ. ಸಂಜೆ ೬

ಸಿಟ್ಟು ಇನ್ನೂ ಇಳಿದಿಲ್ಲ. ಬರೆದರೆ ಇಳಿದೀತು.

ಬೆಳಿಗ್ಗೆ ಎದ್ದು ನೋಡಿದರೆ ಜೀಪು ಜಾಗದಲ್ಲಿಲ್ಲ. ಕಟ್ಟೆಯ ಆಚೆ, ಸಮತಟ್ಟಿನಲ್ಲಿ, ಮೂಡಣಕ್ಕೆ ಮುಖ ಮಾಡಿ ನಿಂತಿದೆ. ಬಾನೆಟ್ಟಿಗೆ ಹೂವು, ಗಾಲಿಗೆ ಲಿಂಬೆಹಣ್ಣು. ಮುಂದೆ ಏರು, ಎಡಕ್ಕೆ ನಾಗಲಿಂಗಪ್ಪನ ತಿಪ್ಪೆ. ಸೆಲ್ಫ್ ದಾಂಡೇಲಿಯಲ್ಲಿ.

ಅವ್ವ ಅಲ್ಲೇ ನಿಂತಿದ್ದಳು. "ನಾನ ಹೇಳಿ ತಿರುಗಸೀನಿ" ಎಂದಳು.

ನೂಕಿದೆವು. ಉಸುಕಿನಲ್ಲಿ ಗಾಲಿ ತಿರುಗಿತೇ ಹೊರತು ವೇಗ ಬರಲಿಲ್ಲ. ಮತ್ತೆ ಇಳಿಜಾರಿಗೆ ತಿರುಗಿಸಲು ಹೋಗಿ ಎಡಗಾಲಿ ತಿಪ್ಪೆಗೆ ಇಳಿಯಿತು. ಎಂಟು ಗಂಟೆಯ ಬಸ್ಸಿಗೆ ಓಡಿದರೂ ಸಿಗದು, ಡಾಂಬರು ರಸ್ತೆಗೇ ಏಳು ಕಿಲೋಮೀಟರ್. ಕೊನೆಗೆ ನಾಗಲಿಂಗಪ್ಪನ ಎತ್ತು ಹೂಡಿ ಎಳೆದೆವು. ಎಂಜಿನ್ ಹಿಡಿದಾಗ ೯.೨೦.

ಹೇಗೆ ಓಡಿಸಿದೆನೋ ತಿಳಿಯದು. ಶಾಲೆಯ ಗೇಟು ೧೦.೨೫. ಅರ್ಧ ತಾಸಿನವರೆಗೆ ಬಿಡುತ್ತಾರಂತೆ. ಐದು ನಿಮಿಷ ಉಳಿದಿತ್ತು. ದುರ್ಗಾ ಇಳಿಯಲಿಲ್ಲ. "ಇಳೀ" ಎಂದು ಕೂಗಿದೆ. ಕೈ ಹಿಡಿದು ಇಳಿಸಿದೆ. ಹೋದಳು.

ಹೊರಗೆ ಬಂದು, "ಅರ್ಧಾ ಬಿಟ್ಟೆ" ಎಂದಳು.

ಮನೆಗೆ ಬಂದು ಅವ್ವನನ್ನು ಬೈದೆ. ಬರೆಯಬಾರದ ಮಾತು. ನಿನ್ನ ಮೂಢತನಕ್ಕೆ ನನ್ನ ಮಗಳ ಬಾಳು ಹಾಳಾಯಿತು ಎಂದೆ. ನೀನು ಕಣ್ಣು ಮುಚ್ಚಿದ ಮೇಲೇ ಈ ಮನೆ ಮುಂದೆ ಬಂದೀತು ಎಂದೂ ಅಂದೆ. ಎಪ್ಪತ್ತು ವರ್ಷದ ಮುದುಕಿಗೆ. ಅವಳು ಸೀರೆ ಗಂಟು ಕಟ್ಟಿಕೊಂಡು ನಾಗಲಿಂಗಪ್ಪನ ಮನೆಗೆ ಹೋದಳು.

೭ ಏಪ್ರಿಲ್, ಮಂಗಳವಾರ

ಅವ್ವ ಬಂದಿಲ್ಲ. ಗೋಪಿಬಾಯಿ ಅಲ್ಲಿಗೇ ಬುತ್ತಿ ಒಯ್ಯುತ್ತಾಳೆ. ನನ್ನ ಜೊತೆ ಮಾತಿಲ್ಲ. ದುರ್ಗಾಳದೂ ಮಾತಿಲ್ಲ. ಜೀಪು ಮಾತ್ರ ಸರಿಯಾಗಿದೆ.

೧೧ ಏಪ್ರಿಲ್, ಶನಿವಾರ

ಪರೀಕ್ಷೆ ಮುಗಿಯಿತು. ಇವತ್ತು ದಾಂಡೇಲಿ. ಸೆಲ್ಫ್ ರಿಪೇರಿಯಾಗಿ ಬಂದಿತ್ತು, ಕೂರಿಸಿಕೊಂಡೆ. ಯೂಸುಫಭಾಯಿ ಹಬ್ಬದ ಶೀರಖುರ್ಮಾ ಉಳಿದದ್ದು ಬಟ್ಟಲಲ್ಲಿ ಕೊಟ್ಟ. ಎಲ್ಲ ಹೇಳಿಕೊಂಡೆ. ಅವನು ಸ್ಪ್ಯಾನರ್ ಒರೆಸುತ್ತ ಕೇಳಿದ:

"ನೂಕಬೇಕಂದ್ರ ರಿವರ್ಸ್ ಗೇರ್ ಬಿಡಸಬೇಕು, ನಿನ್ನ ಗಾಡೀದು ನನಗೂ ಬಿಡಸಾಕ ಆಗೂದಿಲ್ಲ. ಎತ್ತಿ ಬಲಕ್ಕ ಒತ್ತಿ ಜಗ್ಗಬೇಕು. ನಿಮ್ಮ ಅವ್ವಗ ಅದು ಹೆಂಗ ಗೊತ್ತಾತು?"

ಬಟ್ಟಲು ಕೈಯಲ್ಲೇ ಉಳಿಯಿತು. ಅವ್ವ ಜೀಪು ಹತ್ತಿದರೆ ತಲೆ ತಿರುಗುತ್ತದೆಂದು ಐದು ವರ್ಷದಿಂದ ಅದರೊಳಗೆ ಕಾಲಿಟ್ಟಿಲ್ಲ.

ಊರಿಗೆ ಬಂದವನೇ ನಾಗಲಿಂಗಪ್ಪನ ಅಂಗಳಕ್ಕೆ ಹೋದೆ. ಅವತ್ತು ಸ್ಟೇರಿಂಗ್ ಹಿಡಿದವರು ಯಾರು ಎಂದೆ.

"ದುರ್ಗಾನ ಹಿಡದಿದ್ಲಲ್ಲಪಾ. ಅಪ್ಪಾ ಮುಂಡಗೋಡದಾಗ ಸೆಲ್ಫ್ ಹಾಕಿಸ್ಕೊಂಡ ಬಂದಾನ, ಇನ್ನ ಯಾ ಕಡೆ ಮುಖಾ ಮಾಡಿದ್ರೂ ಚಾಲೂ ಆಗ್ತೈತಿ, ಅಜ್ಜಿ ಆಸೇನೂ ತೀರ್ತೈತಿ ಅಂದ್ಲು. ನೀ ಮಲಗಿದ ಮ್ಯಾಲ ನಾವು ನೂಕಿದ್ವಿ. ನಿನಗ ಗೊತ್ತ ಐತಿ ಅಂತ ತಿಳಕೊಂಡಿದ್ವಿ. ಮರುದಿನಾ ನಿಮ್ಮ ಅವ್ವ ಸುಮ್ಮನಿರ್ರಿ ಅಂದ್ಲು, ಈಗ ನೀ ಕೇಳಿದಿ ಅಂತ ಹೇಳೀನಿ."

ಅವ್ವ ಒಳಗೆ ಬೀಸುವ ಕಲ್ಲಿನ ಹತ್ತಿರ ಕುಳಿತಿದ್ದಳು. ಎಲ್ಲ ಕೇಳಿಸಿಕೊಂಡಳು.

"ಯಾಕ ಹೇಳಲಿಲ್ಲಬೇ?"

"ನನಗೂ ಮುಂಜಾನಿನ ಗೊತ್ತಾತು, ಜೀಪ್ ಚಾಲೂ ಆಗಲಾರದಾಗ. ಆಕಿ ಮುಖಾ ನೋಡಿದೆ. ನೀ ಬೈದ್ರ ನಾ ತಡಕೋತೇನಿ. ಆಕಿ ತಡಕೋತಿದ್ಲೇನು?"

ಸೆಲ್ಫ್ ಸುಟ್ಟಿದೆ, ದಾಂಡೇಲಿಯಲ್ಲಿದೆ ಎಂದು ದುರ್ಗಾಳಿಗೆ ಗೊತ್ತಿತ್ತು. ನನ್ನ ಪಕ್ಕದಲ್ಲೇ ಕುಳಿತು ಕೇಳಿದ್ದಳು. ಮೂಡಣಕ್ಕೆ ತಿರುಗಿಸಿದರೆ ಜೀಪು ಹೊರಡುವುದಿಲ್ಲ ಎಂದು ಗೊತ್ತಿದ್ದೇ ತಿರುಗಿಸಿದ್ದಾಳೆ.

ಅವ್ವನ ಗಂಟು ಹೊತ್ತು ಮನೆಗೆ ತಂದೆ. ತಪ್ಪಾಯಿತು ಎನ್ನಲು ಬಾಯಿ ಬರಲಿಲ್ಲ. ಹುಟ್ಟುಗುಣ.

೧೨ ಏಪ್ರಿಲ್, ಭಾನುವಾರ

ಸಿಟ್ಟು ಮಾಡಬಾರದೆಂದು ಹಳ್ಳದವರೆಗೆ ನಡೆದು ಬಂದೆ. ಆಮೇಲೆ ಕೇಳಿದೆ. ದುರ್ಗಾ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಅಳಲಿಲ್ಲ.

"ಪರೀಕ್ಷಾ ಇದ್ದ ದಿನಾ ಮುಂಜಾನೆ ಎಲ್ಲಾರೂ ಬಂದು ನೂಕ್ತಿದ್ರಲ್ಲಪ್ಪಾ. ನನ್ನ ನೂಕಿದಂಗ ಆಗ್ತಿತ್ತು. ಫೇಲಾದ್ರ ಇಷ್ಟೂ ಮಂದಿ ಮುಂದ ಹೆಂಗ ಇಳೀಲಿ? ಜೀಪ್ ಕೆಟ್ಟು ನಾ ಪರೀಕ್ಷಾಕ್ಕ ಹೋಗಲಿಲ್ಲಂದ್ರ ಯಾರೂ ಏನೂ ಅನ್ನೂದಿಲ್ಲ ಅನಸ್ತು."

"ನನ್ನ ಕಡೆ ಹೇಳಬೇಕಿತ್ತು."

"ಮೌಳಂಗ್ಯಾಗ ಹೇಳಿದ್ನಲ್ಲ."

ಹೇಳಿದ್ದಳು. ಒಂದೇ ಮಾತಿನಲ್ಲಿ ನಾನು ಮುಗಿಸಿದ್ದೆ.

ಎಂಜಿನ್ನಿನ ಸಣ್ಣ ಸದ್ದು ಬದಲಾದರೆ ನಿದ್ದೆಯಲ್ಲೂ ಎಚ್ಚರವಾಗುತ್ತದೆ ನನಗೆ. ಪಕ್ಕದ ಸೀಟಿನಲ್ಲಿ ಹುಡುಗಿ ವಾಂತಿ ಮಾಡಿದರೆ ಡೀಸೆಲ್ ವಾಸನೆ ಎಂದುಕೊಂಡೆ. ನಾಚಿಕೆಯಾಗುತ್ತದೆ. ಬೇರೆ ಪದ ಹುಡುಕಲಾರೆ.

೨೨ ಮೇ, ಶುಕ್ರವಾರ

ಫಲಿತಾಂಶ. ಕನ್ನಡ ೭೧. ಉಳಿದವೆಲ್ಲ ಪಾಸು. ಲೆಕ್ಕ ೨೭. ಎಂಟು ಅಂಕ ಕಡಿಮೆ.

ಊರವರು ಅವಳನ್ನು ದೂರಲಿಲ್ಲ. "ಅವತ್ತ ಜೀಪ್ ಕೆಟ್ಟಿತ್ತಲ್ಲ, ಪಾಪ" ಎಂದರು. ನಾಗಲಿಂಗಪ್ಪನೂ ಹಾಗೇ ಎಂದ. ಹೌದು, ಜೀಪು ಕೆಟ್ಟಿತ್ತು ಎಂದೆ. ಹತ್ತು ವರ್ಷ ಬಿಟ್ಟುಕೊಡದ ಜೀಪಿನ ಮಾನವನ್ನು ಇವತ್ತು ಬಿಟ್ಟುಕೊಟ್ಟೆ.

೩ ಜುಲೈ, ಶುಕ್ರವಾರ

ಮಳೆ. ಟಾಪು ಮೂರು ಕಡೆ ಸೋರುತ್ತದೆ. ದುರ್ಗಾ ಮಾಲಾಳ ಮನೆಯಲ್ಲಿದ್ದಾಳೆ, ಅಲ್ಲೊಬ್ಬ ಮಾಸ್ತರರು ಲೆಕ್ಕ ಹೇಳಿಕೊಡುತ್ತಾರೆ. ಗೋಪಿಬಾಯಿ "ಆಗ ಹೇಳಿದ್ದೆ" ಎನ್ನಲಿಲ್ಲ. ಅಂದಿದ್ದರೆ ಹಗುರಾಗುತ್ತಿತ್ತು. ಶನಿವಾರ ಸಂಜೆ ಕರೆದು ತರುತ್ತೇನೆ, ಸೋಮವಾರ ಬಿಡುತ್ತೇನೆ. ಡಾಂಬರು ರಸ್ತೆಯವರೆಗೆ ಅವಳೇ ಓಡಿಸುತ್ತಾಳೆ. ಆ ರಿವರ್ಸ್ ಗೇರು ನನಗಿಂತ ಅವಳ ಮಾತು ಚೆನ್ನಾಗಿ ಕೇಳುತ್ತದೆ.

ಸೆಪ್ಟೆಂಬರ್ ಪರೀಕ್ಷೆಗೆ ಫಾರ್ಮ್ ತುಂಬಿದ್ದಾಳೆ. ಬರೆಯುತ್ತಾಳೋ ಇಲ್ಲವೋ, ಕೇಳಿಲ್ಲ.

೧೩ ಸೆಪ್ಟೆಂಬರ್, ಭಾನುವಾರ. ಸಂಜೆ

ನಾಳೆ ಲೆಕ್ಕ. ದುರ್ಗಾ ನಿನ್ನೆ ಬಂದಳು. ಮಾಲಾಳ ಮನೆಯಲ್ಲೇ ಉಳಿಯಬಹುದಿತ್ತು. ಯಾಕೆ ಬಂದೆ ಎಂದು ಕೇಳುವುದಾದರೂ ಹೇಗೆ?

ಜೀಪನ್ನು ನಾನೇ ಮೂಡಣಕ್ಕೆ ತಿರುಗಿಸಿ, ಸಮತಟ್ಟಿನಲ್ಲಿ ನಿಲ್ಲಿಸಿದೆ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು. "ತಪ್ಪಾತಬೇ" ಎಂದೆ, ಐದು ತಿಂಗಳ ಮೇಲೆ. ಅವಳು, "ಕಲ್ಲ ಕೊಟ್ಟೀ ಇಲ್ಲೋ ನೋಡು" ಎಂದಳು.

ಬೆಳಿಗ್ಗೆ ಯಾರೂ ಕಟ್ಟೆಗೆ ಬರಬಾರದೆಂದು ಮನೆ ಮನೆಗೂ ಹೋಗಿ ಹೇಳಿದೆ. ಆಮೇಲೆ ದುರ್ಗಾಳಿಗೆ ಹೇಳಿದೆ:

"ಕೀಲಿ ಮೊಳಿಗೆ ಹಾಕೀನಿ. ನಿನಗ ಹೋಗಬೇಕು ಅನಿಸಿದ್ರ ನೀನ ಚಾಲೂ ಮಾಡು, ನಾ ಬಂದು ಹತ್ತತೇನಿ. ಇಲ್ಲಂದ್ರ ಎಂಟಕ್ಕ ನಾ ಹಾಲಿನ ಕ್ಯಾನ್ ಒಯ್ತೇನಿ. ಯಾಕ ಅಂತ ಯಾರೂ ಕೇಳೂದಿಲ್ಲ."

೧೪ ಸೆಪ್ಟೆಂಬರ್, ಸೋಮವಾರ. ಬೆಳಿಗ್ಗೆ ೬.೪೫

ಕೀಲಿ ಮೊಳೆಯಲ್ಲಿದೆ. ದುರ್ಗಾ ಸ್ನಾನ ಮಾಡಿದಳು. ಜಿನುಗು ಮಳೆ. ತೇವ ಬಿದ್ದರೆ ಬ್ಯಾಟರಿ ಎಳೆಯುವುದಿಲ್ಲ.

೭.೧೦

ಮೊಳೆಯಲ್ಲಿದೆ. ಅವಳು ರೊಟ್ಟಿ ತಿನ್ನುತ್ತಿದ್ದಾಳೆ. ನಾನು ಒಳಗೇ ಕುಳಿತಿದ್ದೇನೆ. ಎದ್ದರೆ ಏನಾದರೂ ಅಂದುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

೭.೩೦

ಮೊಳೆಯಲ್ಲೇ ಇದೆ. ಗೋಪಿಬಾಯಿ ಎರಡು ಸಲ ನನ್ನ ಮುಖ ನೋಡಿದಳು. ಹೋಗದಿದ್ದರೂ ಸರಿ. ಸರಿ ಎಂದು ಬರೆದೆ, ಮನಸ್ಸು ಒಪ್ಪುತ್ತಿಲ್ಲ. ಬಯ್ಯುವುದಿಲ್ಲ, ಅಷ್ಟು ಮಾತ್ರ ನಿಜ.

೭.೪೨

ಅವ್ವ ಕರೆದಳೆಂದು ಹಿತ್ತಿಲಿಗೆ ಹೋಗಿ ಬಂದೆ. ಮೊಳೆ ಖಾಲಿ.

ದುರ್ಗಾ ಒಳಗಿಲ್ಲ. ಪುಸ್ತಕದ ಚೀಲವೂ ಇಲ್ಲ. ಜೀಪಿನ ಬಾಗಿಲು ಬಡಿದ ಸದ್ದು. ಈಗ ಸೆಲ್ಫ್... ಕೆಮ್ಮಿತು, ನಿಂತಿತು. ಅವ್ವ ಜಗಲಿಗೆ ಹೋಗಿ ನಿಂತಳು. ನಾನು ಏಳುವುದಿಲ್ಲ. ಮತ್ತೆ ತಿರುಗಿಸುತ್ತಿದ್ದಾಳೆ. ಬಿಡುತ್ತಿಲ್ಲ ಹುಡುಗಿ, ಮತ್ತೆ —