ಅತ್ತಿಗೆಯ ಮೊದಲ ಕಂಪ್ಯೂಟರ್ ಪಾಠ

ಅತ್ತಿಗೆ,

ಶೇಂಗಾ ಬಿಡಿಸಲು ಹೊಸಹಳ್ಳಿಗೆ ಹೊರಟೆ. ಪಾಪು ಅವ್ವನ ಹತ್ತಿರ ಮಲಗಿದ್ದಾಳೆ. ರೊಟ್ಟಿ ಬುಟ್ಟಿಯಲ್ಲಿದೆ, ತಿಂದೇ ಹೋಗಿ.

ನಿನ್ನೆ ಅಣ್ಣನಿಗೆ “ಜ್ವರ ಬಂದಂಗಾಗೈತಿ, ನಾಳೆ ಸಾಲಿಗೆ ಹೋಗಂಗಿಲ್ಲ” ಅಂದಿರಲ್ಲ, ಕೇಳಿಸಿತು. ಬೆಳಿಗ್ಗೆ ನೀವು ಮಲಗಿದ್ದಾಗ ಹಣೆ ಮುಟ್ಟಿ ನೋಡಿದೆ, ತಣ್ಣಗಿತ್ತು. ಆಯುಧಪೂಜೆಯಲ್ಲಿ ಶಾಲೆಯ ಕಂಪ್ಯೂಟರಿಗೆ ಕುಂಕುಮ ಹಚ್ಚಿ ಬಟ್ಟೆ ಮುಚ್ಚಿಟ್ಟದ್ದು ಸಾಕು. ಇವತ್ತು ತೆಗೆದು ಮಕ್ಕಳಿಗೆ ಪಾಠ ಮಾಡಿ.

ಕೂಡ್ಲಿಗಿಯ ಶಿಕ್ಷಕರ ತರಬೇತಿಯಲ್ಲಿ ನಿಮ್ಮ ಪಾಪುವನ್ನು ಎತ್ತಿಕೊಂಡು ಹಿಂದೆ ನಿಂತು ಎಲ್ಲ ನೋಡಿದ್ದೇನೆ. ಮೌಸ್ ಹಿಡಿದಾಗ ಪರದೆಯ ಮೇಲಿನ ಬಾಣ ನಿಮಗಷ್ಟೇ ಅಲ್ಲ, ಹೆಡ್‌ಮಾಸ್ತರಿಗೂ ಸಿಗುತ್ತಿರಲಿಲ್ಲ. ಬಂದ್ ಮಾಡುವಾಗ ಸೀದಾ ಸ್ವಿಚ್ ಆರಿಸಬೇಡಿ, ಮೊದಲು ಪರದೆಯ ಮೂಲೆಯಲ್ಲಿರುವ ಸ್ಟಾರ್ಟ್ ಒತ್ತಿ, ಬಂದ್ ಮಾಡುವ ಶಟ್‌ಡೌನ್ ಅದರೊಳಗೇ ಇದೆ.

ನಾನು ನೋಡಿದ್ದಷ್ಟೇ, ಒಮ್ಮೆಯೂ ಮುಟ್ಟಿಲ್ಲ. ಇವತ್ತು ನೀವು ಕಲಿಸಿದರೆ, ಶನಿವಾರ ಶಾಲೆ ಬಿಟ್ಟ ಮೇಲೆ ನಾನೂ ಬರುತ್ತೇನೆ. ಹಿಂದೆ ನಿಲ್ಲುವುದಿಲ್ಲ.

ಮಾಲಾ