ಮೂರು ಸಲ ಬರೆದ ನಿದ್ದೆ

ಜುಲೈ ೯, ಬುಧವಾರ

ಸಂಜೆ ಶಾಲೆ ಬಿಡುವ ಹೊತ್ತಿಗೆ ಕೊತ್ತತ್ತಿಯ ಚಲುವರಾಜು ತಮ್ಮ ಮಗಳು ಚಂದನಳ ವಿಜ್ಞಾನದ ನೋಟ್‌ಬುಕ್ ಹಿಡಿದು ಬಂದರು. ಪ್ರತಿ ಉತ್ತರವನ್ನೂ ಮೂರು ಸಲ ಬರೆಸುವುದು ನನ್ನ ಪದ್ಧತಿ. ಬೇರು, ಕಾಂಡದ ಉತ್ತರದ ನಡುವೆ ಹುಡುಗಿ ‘ಮಿಸ್, ನಿದ್ದೆ ಬತ್ತದೆ’ ಎಂದು ಬರೆದಿದ್ದಳು. ಅದನ್ನೂ ಬಿಡದೆ ಮೂರು ಸಲ ಬರೆದಿದ್ದಳು. ಕೆಳಗೆ ಕೆಂಪು ಶಾಯಿಯಲ್ಲಿ ನನ್ನದೇ ರೈಟು, ‘ಗುಡ್’, ಸಹಿ.

“ಮಗು ತೂಕಡುಸ್ಕಂಡು ಬರ್ದದೆ, ಬುಡಿ ಮಿಸ್ಸೇ. ನೀವೂ ತೂಕಡುಸ್ಕಂಡೇ ನೋಡುದ್ರಾ?”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಕ್ಕುಬಿಟ್ಟರು.

ಮನೆಗೆ ತಂದ ನಲವತ್ತು ನೋಟ್‌ಬುಕ್ ಮುಂದಿವೆ. ಇವತ್ತಾದರೂ ಒಂದೊಂದು ಸಾಲನ್ನೂ ಓದಬೇಕೆಂದು ಕೂತೆ. ಆರನೆಯದಕ್ಕೇ ಕಣ್ಣು ಎಳೆಯುತ್ತಿದೆ. ಯತೀಶನದಕ್ಕೆ ಈಗಷ್ಟೇ ರೈಟು ಹಾಕಿ ಪಕ್ಕಕ್ಕಿಟ್ಟೆ. ಅವನು ಏನು ಬರೆದಿದ್ದ…